ಫೌಂಡೇಶನ್ ದುಡ್ಡಿನಲ್ಲಿ ಸಂಬಳ ಕೇಳಬಹುದಾ?

ಪ್ರಶ್ನೆ: ಬಾಗೇಪಲ್ಲಿ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡುತ್ತೇವೆ. ಬೆಂಗಳೂರಿನ ಒಂದು ಕುಟುಂಬದ ಫೌಂಡೇಶನ್‌ಗೆ ಅರ್ಜಿ ಹಾಕಬೇಕು. ಸಂಬಳ, ಆಫೀಸ್ ಬಾಡಿಗೆ ಬರೆದರೆ ಅರ್ಜಿ ಬಿದ್ದುಹೋಗುತ್ತಾ?

ಬರೆಯಿರಿ. ದಯವಿಟ್ಟು ಬರೆಯಿರಿ.

ಈ ಭಯ ಸುಮ್ನೆ ಬಂದದ್ದಲ್ಲ, ಮೂರು ಬಗೆಯ ದುಡ್ಡಿನ ನಿಯಮ ನಮ್ಮ ತಲೆಯಲ್ಲಿ ಕಲಸಿಹೋಗಿದೆ. ವಿದೇಶದ ದೇಣಿಗೆಗೆ ಎಫ್‌ಸಿಆರ್‌ಎ ಕಾನೂನಿದೆ, ಅದರಲ್ಲಿ ಆಡಳಿತ ಖರ್ಚು ಶೇ 20 ದಾಟುವಂತಿಲ್ಲ. 2020ರ ತಿದ್ದುಪಡಿಗೆ ಮುಂಚೆ ಶೇ 50 ಇತ್ತು. ಸಿಎಸ್‌ಆರ್‌ನಲ್ಲಿ, ಅಂದರೆ ಕಂಪನಿಗಳು ಕಾನೂನಿನ ಪ್ರಕಾರ ಸಮಾಜದ ಕೆಲಸಕ್ಕೆ ಕೊಡುವ ದುಡ್ಡಿನಲ್ಲಿ, ಶೇ 5ರ ಮಿತಿ ಇದೆ, ಆದರೆ ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ, ನಿಮ್ಮ ಖರ್ಚಿಗಲ್ಲ. ಒಂದು ಕುಟುಂಬ ದೇಶದೊಳಗಿನ ತನ್ನ ಸ್ವಂತ ದುಡ್ಡು ಕೊಡುವಾಗ ಇವೆರಡೂ ಅನ್ವಯಿಸುವುದಿಲ್ಲ. ಸಂಬಳಕ್ಕೆ ಎಷ್ಟು ಅನ್ನುವುದು ಅವರ ಟ್ರಸ್ಟಿಗಳ ತೀರ್ಮಾನ. ಅಂದರೆ ಮಾತಾಡಿ ಒಪ್ಪಿಸಬಹುದು, ಅಲ್ವಾ?

ನಿಮ್ಮ ಕೆಲಸವನ್ನೇ ನೋಡಿ. ಪರೀಕ್ಷೆ ಕಿಟ್‌ಗೆ ಆಗುವ ಖರ್ಚು ಕಡಿಮೆ. ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಊರೂರು ತಿರುಗಿ, ನೀರು ಹಿಡಿದು, ಬಾಟಲಿ ಮೇಲೆ ಬೋರ್‌ವೆಲ್ ಗುರುತು ಬರೆದು, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಕಡೆ ಮನೆಮನೆಗೆ ಹೋಗಿ 'ಇದನ್ನು ಕುಡಿಯಬೇಡಿ, ಅಡುಗೆಗೂ ಬೇಡ' ಅಂತ ತಿಳಿಸಿ ಹೇಳುವ ಹುಡುಗಿ ಇದ್ದಾಳಲ್ಲ, ಕೆಲಸ ಅಂದರೆ ಅವಳೇ. ಅವಳ ಸಂಬಳವನ್ನು 'ಆಡಳಿತ' ಅಂತ ಯಾಕೆ ಬರೆಯುತ್ತೀರಿ? 'ಕ್ಷೇತ್ರ ಕಾರ್ಯಕರ್ತೆ' ಅಂತ ಯೋಜನೆಯ ಖರ್ಚಿನಲ್ಲೇ ಹಾಕಿ. ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರ ಸಂಬಳದಲ್ಲಿ ಈ ಯೋಜನೆಯ ಪಾಲೆಷ್ಟೋ ಅಷ್ಟನ್ನು ಬೇರೆ ಸಾಲಿನಲ್ಲಿ ತೋರಿಸಿ. ಬಾಡಿಗೆಯನ್ನು 'ತರಬೇತಿ' ಅಂತ ತುರುಕಬೇಡಿ, ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ನಂಬಿಕೆಯೇ ಹೋಗುತ್ತದೆ.

ಅರ್ಜಿಗೆ ಮುಂಚೆ ಅವರು ಯಾವ ಕೆಲಸಕ್ಕೆ ಕೊಡುತ್ತಾರೆ ನೋಡಿಕೊಳ್ಳಿ. ರೋಹಿಣಿ ನಿಲೇಕಣಿ ಅವರು 2001ರಲ್ಲಿ ಕಟ್ಟಿದ ಅರ್ಘ್ಯಂ ಎಂಬ ಫೌಂಡೇಶನ್ ನೀರಿನ ವಿಷಯಕ್ಕೇ ಒತ್ತು ಕೊಟ್ಟಿದೆ, ಎಲ್ಲರೂ ಹಾಗಲ್ಲ. 12ಎ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡುವ ನೋಂದಣಿ), ಆಡಿಟ್ ವರದಿಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ. 2021ರಿಂದ 80ಜಿ ನೋಂದಣಿಗೆ ಅವಧಿ ಇದೆ, ನಿಮ್ಮದು ಮುಗಿದಿದೆಯಾ ಅಂತ ಇವತ್ತೇ ನೋಡಿ.

ಅವರು ಸಂಬಳ ಕಡಿಮೆ ಮಾಡಿ ಅಂದರೆ ತಕ್ಷಣ ಹೂಂ ಅನ್ನಬೇಡಿ. ಅಷ್ಟು ದುಡ್ಡಿಗೆ ಎಷ್ಟು ಹಳ್ಳಿ ಆಗುತ್ತದೆ, ಯಾವ ಹಳ್ಳಿಗಳನ್ನು ಬಿಡಬೇಕಾಗುತ್ತದೆ ಅಂತ ಹೆಸರು ಸಮೇತ ಬರೆದು ಕಳಿಸಿ.