ವಿಷ ನುಂಗಿದಾಗ ವಾಂತಿ ಮಾಡಿಸಬೇಕೆ?

ಮಗುವೋ ನಾಯಿಯೋ ತಿನ್ನಬಾರದ್ದನ್ನು ತಿಂದಿದೆ ಎಂದು ಗೊತ್ತಾದ ಕೂಡಲೇ ಮನೆಮಂದಿಗೆ ಮೊದಲು ಹೊಳೆಯುವ ಉಪಾಯವೆಂದರೆ ವಾಂತಿ ಮಾಡಿಸುವುದು. ವೈದ್ಯಶಾಸ್ತ್ರವೂ ಬಹುಕಾಲ ಇದನ್ನೇ ನಂಬಿತ್ತು. ಆದರೆ ಇಂದು ಮನುಷ್ಯರ ಚಿಕಿತ್ಸೆಯಲ್ಲಿ ಈ ಕ್ರಮ ಹೆಚ್ಚುಕಡಿಮೆ ಕೈಬಿಟ್ಟುಹೋಗಿದೆ; ನಾಯಿಗಳ ಚಿಕಿತ್ಸೆಯಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿ ಉಳಿದಿದೆ.

ವಾಂತಿಕಾರಕಗಳಲ್ಲಿ ಹೆಸರುವಾಸಿಯಾದದ್ದು ದಕ್ಷಿಣ ಅಮೆರಿಕ ಮೂಲದ ಇಪಿಕಾಕ್ ಗಿಡದ ಬೇರಿನಿಂದ ತಯಾರಿಸುವ ಸಿರಪ್. ಅದರಲ್ಲಿರುವ ಎಮಿಟಿನ್ ಮತ್ತು ಸೆಫೆಲಿನ್ ಎಂಬ ಸಸ್ಯಕ್ಷಾರಗಳು ಒಂದೆಡೆ ಜಠರದ ಒಳಪದರವನ್ನು ಕೆರಳಿಸಿ, ಇನ್ನೊಂದೆಡೆ ಮಿದುಳಿನ ಕಾಂಡದಲ್ಲಿರುವ, ರಕ್ತದಲ್ಲಿ ಸೇರಿದ ವಿಷವನ್ನು ಗುರುತಿಸುವ ಸಣ್ಣ ಭಾಗವೊಂದನ್ನು ಪ್ರಚೋದಿಸಿ ವಾಂತಿ ತರಿಸುತ್ತವೆ. 1965ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅನುಮತಿ ಕೊಟ್ಟಿತು; ಮಕ್ಕಳಿರುವ ಮನೆಯಲ್ಲಿ ಒಂದು ಸೀಸೆ ಇರಲಿ ಎಂಬ ಸಲಹೆ ಹಲವು ದಶಕ ನಡೆಯಿತು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ, ಇದನ್ನು ಮನೆಮದ್ದಾಗಿ ಬಳಸುವ ರೂಢಿ ಬೇಡ, ಮನೆಯಲ್ಲಿದ್ದರೆ ವಿಲೇವಾರಿ ಮಾಡಿ ಎಂದು ಹೇಳಿತು.

ಕಾರಣ ಸರಳವಾದದ್ದೇ. ವಾಂತಿಯಾಯಿತು ಎಂದ ಮಾತ್ರಕ್ಕೆ ವಿಷ ಹೊರಬಂದಿತು ಎಂದಾಗುವುದಿಲ್ಲ. ಸ್ವಯಂಸೇವಕರ ಮೇಲಿನ ಅಧ್ಯಯನಗಳಲ್ಲಿ ಇಪಿಕಾಕ್‌ನಿಂದ ಹೊರಬಂದ ಪ್ರಮಾಣ ಒಬ್ಬರಿಂದೊಬ್ಬರಿಗೆ ಬಹಳ ವ್ಯತ್ಯಾಸವಾಗುತ್ತಿತ್ತು, ಮತ್ತು ನುಂಗಿದ ಮೇಲೆ ಕಳೆದ ಸಮಯ ಹೆಚ್ಚಿದಂತೆ ಕುಗ್ಗುತ್ತಲೇ ಹೋಗುತ್ತಿತ್ತು. ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಮೇಲಾಗಿ, ಬಿಡದೆ ಬರುವ ವಾಂತಿಯಿಂದಾಗಿ, ನಿಜಕ್ಕೂ ಉಪಯೋಗಕ್ಕೆ ಬರಬಹುದಾದ ಸಕ್ರಿಯ ಇದ್ದಿಲನ್ನೋ (ಜಠರದಲ್ಲಿ ವಿಷವನ್ನು ಹಿಡಿದಿಟ್ಟುಕೊಳ್ಳುವ ವಿಶೇಷ ಇದ್ದಿಲಿನ ಪುಡಿ) ಪ್ರತಿವಿಷವನ್ನೋ ಬಾಯಿಯ ಮೂಲಕ ಕೊಡುವುದು ತಡವಾಗುತ್ತಿತ್ತು.

ಕೆಲವು ವಸ್ತುಗಳ ವಿಷಯದಲ್ಲಿ ವಾಂತಿ ಮಾಡಿಸುವುದೇ ದೊಡ್ಡ ಅಪಾಯ. ಆಮ್ಲ ಅಥವಾ ಕ್ಷಾರ ಒಳಗೆ ಹೋಗುವಾಗ ಅನ್ನನಾಳವನ್ನು ಒಮ್ಮೆ ಸುಟ್ಟಿರುತ್ತದೆ. ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಟರ್ಪೆಂಟೈನ್‌ನಂಥವು ವಾಂತಿಯ ವೇಳೆ ಶ್ವಾಸನಾಳಕ್ಕೆ ಸ್ವಲ್ಪ ಜಾರಿದರೂ ಶ್ವಾಸಕೋಶ ಊದಿಕೊಳ್ಳುತ್ತದೆ. ಮಂಪರು ಕವಿದವರಿಗೆ, ಫಿಟ್ಸ್ ಬರುತ್ತಿರುವವರಿಗೆ ಯಾವುದನ್ನು ನುಂಗಿದ್ದರೂ ಇದೇ ಭಯ. ಉಪ್ಪುನೀರು ಕುಡಿಸುವ ಹಳೆಯ ಪದ್ಧತಿಯಂತೂ ರಕ್ತದಲ್ಲಿ ಸೋಡಿಯಂ ವಿಪರೀತ ಏರಿಸಿ ಪ್ರಾಣ ತೆಗೆದ ಉದಾಹರಣೆಗಳಿವೆ.

ಹಾಗಾದರೆ ನಾಯಿಗೆ ಏಕೆ ವಿನಾಯಿತಿ? ನಾಯಿ ಸಲೀಸಾಗಿ ವಾಂತಿ ಮಾಡುವ ಪ್ರಾಣಿ. ಸಿಕ್ಕಿದ್ದನ್ನು ಅಗಿಯದೆ ಗಬಗಬನೆ ನುಂಗುವುದರಿಂದ ನಾಯಿಗೆ ವಿಷವಾಗುವ ಚಾಕೊಲೇಟ್, ಒಣದ್ರಾಕ್ಷಿಯಂಥವು ಅದರ ಜಠರದಲ್ಲಿ ಕೆಲಹೊತ್ತು ಇಡಿಯಾಗಿಯೇ ಉಳಿದಿರಬಹುದು. ತಿಂದು ಒಂದೆರಡು ಗಂಟೆಯೊಳಗೆ ಬಂದರೆ ಪಶುವೈದ್ಯರು ಅಪೊಮಾರ್ಫಿನ್ ಎಂಬ ವಾಂತಿಕಾರಕವನ್ನು ಚುಚ್ಚುತ್ತಾರೆ. 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೊಪಿನಿರೋಲ್ ಅನ್ನು ನಾಯಿಯ ಕಣ್ಣಿಗೆ ಹನಿಯಾಗಿ ಹಾಕಿದರೆ ಸಾಕು. ಇವೆರಡೂ ಮಿದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಗುರುತಿಸುವ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತವೆ. ಬೆಕ್ಕಿನಲ್ಲಿ ಈ ದಾರಿ ಅಷ್ಟಾಗಿ ಫಲಿಸುವುದಿಲ್ಲವಾದ್ದರಿಂದ ಅದಕ್ಕೆ ಜೈಲಜಿನ್, ಡೆಕ್ಸ್‌ಮೆಡೆಟೊಮಿಡಿನ್‌ನಂಥ ಬೇರೆ ಗುಂಪಿನ ಔಷಧಗಳು ಬೇಕು. ಮೊಲ, ಇಲಿ, ಕುದುರೆಗಳಿಗೆ ವಾಂತಿ ಮಾಡುವ ಸಾಮರ್ಥ್ಯವೇ ಇಲ್ಲ.

ನಾಯಿಗೆ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಶೇಕಡ 3ರ ದ್ರಾವಣ ವಾಂತಿ ತರಿಸುವುದು ನಿಜ, ಆದರೆ ಜಠರದಲ್ಲಿ ಹುಣ್ಣನ್ನೂ ಮಾಡಬಲ್ಲದು. ಬೆಕ್ಕಿಗೆ ಕೊಟ್ಟರೆ ರಕ್ತಸ್ರಾವವಾಗುವಷ್ಟು ಹಾನಿಯಾಗಬಹುದು. ಆದ್ದರಿಂದ ಪಶುವೈದ್ಯರು ಹೇಳದೆ ಇದಕ್ಕೆ ಕೈಹಾಕಬಾರದು. ಕರೆ ಮಾಡಿದಾಗ ಅವರು ಕೇಳುವುದು ಪ್ರಾಣಿಯ ತೂಕ, ತಿಂದ ವಸ್ತು, ಅದರ ಪ್ರಮಾಣ, ತಿಂದ ಹೊತ್ತು. ಮನುಷ್ಯರ ವಿಷಯದಲ್ಲಿ ವೈದ್ಯರು ಕೇಳುವುದೂ ಇವನ್ನೇ. ಖಾಲಿ ಡಬ್ಬಿ ಅಥವಾ ಹರಿದ ಪೊಟ್ಟಣ ಕೈಯಲ್ಲಿದ್ದರೆ ಈ ಪ್ರಶ್ನೆಗಳಿಗೆ ಅರ್ಧ ಉತ್ತರ ಅದರ ಮೇಲೆಯೇ ಮುದ್ರಿತವಾಗಿರುತ್ತದೆ.