ಗುಂಡು ಹಾರಿಸದ ಹುಡುಗನಿಗೂ ಜೀವಾವಧಿ: ಈ ಕಾನೂನು ಎಲ್ಲಿಂದ ಬಂತು?

1999ರ ನವೆಂಬರ್. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಮೂವರು ಹುಡುಗರು ಒಂದು ವಿಡಿಯೊ ಅಂಗಡಿಯನ್ನು ದೋಚಲು ಹೊರಟರು. ಅವರಲ್ಲೊಬ್ಬ ಕುಂಟ್ರೆಲ್ ಜಾಕ್ಸನ್, ವಯಸ್ಸು 14. ಜೊತೆಗಾರನ ಕೋಟಿನ ತೋಳಿನೊಳಗೆ ಬಂದೂಕು ಇದೆ ಅನ್ನುವುದು ಅವನಿಗೆ ಗೊತ್ತಾಗಿದ್ದೇ ದಾರಿಯಲ್ಲಿ. ಉಳಿದಿಬ್ಬರು ಒಳಗೆ ಹೋದರು, ಜಾಕ್ಸನ್ ಹೊರಗೇ ನಿಂತ. ಸ್ವಲ್ಪ ಹೊತ್ತಾದ ಮೇಲೆ ಅವನೂ ಒಳಗೆ ಹೋದ. ಅಂಗಡಿಯಲ್ಲಿದ್ದ ಮಹಿಳೆ ಹಣ ಕೊಡಲಿಲ್ಲ, ಪೊಲೀಸರನ್ನು ಕರೆಯುತ್ತೇನೆ ಎಂದರು. ಬಂದೂಕು ಹಿಡಿದಿದ್ದ ಹುಡುಗ ಗುಂಡು ಹಾರಿಸಿದ. ಆ ಮಹಿಳೆ ತೀರಿಕೊಂಡರು. ಮೂವರೂ ಬರಿಗೈಯಲ್ಲಿ ಓಡಿದರು.

ಜಾಕ್ಸನ್ ಗುಂಡು ಹಾರಿಸಿರಲಿಲ್ಲ. ಆ ಮಹಿಳೆ ಸಾಯಲಿ ಎಂದು ಅವನು ಬಯಸಿದ್ದ ಅಂತ ಸರ್ಕಾರದ ಕಡೆಯವರೂ ವಾದಿಸಲಿಲ್ಲ. ಆದರೂ ದೊಡ್ಡವರ ಕೋರ್ಟಿನಲ್ಲೇ ಅವನ ಮೇಲೆ ಕೊಲೆ ಕೇಸು ನಡೆಯಿತು. ಪೆರೋಲ್ (ಷರತ್ತಿನ ಮೇಲೆ ಅವಧಿಗೆ ಮೊದಲೇ ಬಿಡುಗಡೆ) ಇಲ್ಲದ ಜೀವಾವಧಿ ಶಿಕ್ಷೆಯಾಯಿತು, ಅಂದರೆ ಸಾಯುವ ತನಕ ಜೈಲು. ಅದಕ್ಕಿಂತ ಕಡಿಮೆ ಕೊಡಲು ಜಡ್ಜ್‌ಗೆ ಕಾನೂನಿನಲ್ಲಿ ದಾರಿಯೇ ಇರಲಿಲ್ಲ.

ಇಲ್ಲಿ ಕಾನೂನು ಎರಡು ಕಡೆ ವ್ಯತ್ಯಾಸ ನೋಡಲಿಲ್ಲ. ಜೊತೆಗಿದ್ದವನನ್ನು ಕೊಂದವನ ಸಮಕ್ಕೆ ಇಟ್ಟಿತು. ಆಮೇಲೆ 14ರ ಹುಡುಗನನ್ನು ದೊಡ್ಡವರ ಸಮಕ್ಕೆ ಇಟ್ಟಿತು. ಎರಡಕ್ಕೂ ಬೇರೆ ಬೇರೆ ಇತಿಹಾಸ ಇದೆ, ಬೇರೆ ಬೇರೆ ಸಮರ್ಥನೆಯೂ ಇದೆ. ಆದರೆ ಎರಡೂ ಒಬ್ಬನೇ ಹುಡುಗನ ಮೇಲೆ ಒಟ್ಟಿಗೆ ಬಿದ್ದಾಗ ಆಗುವ ಅನ್ಯಾಯವನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಅದು ತಾನಾಗಿ ಬೆಳೆದುಬಂದದ್ದು.

ಪೊದೆಯ ಹಿಂದಿದ್ದ ಹುಡುಗ

ಮೊದಲನೆಯದರ ಬೇರು 17ನೇ ಶತಮಾನದ ಇಂಗ್ಲೆಂಡಿನಲ್ಲಿದೆ. ಎಡ್ವರ್ಡ್ ಕೋಕ್ ಎಂಬ ದೊಡ್ಡ ನ್ಯಾಯಾಧೀಶರು ಬರೆದ ಕಾನೂನು ಗ್ರಂಥದ ಒಂದು ಭಾಗ, ಅವರು ತೀರಿಕೊಂಡ ಮೇಲೆ, 1644ರಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಉದಾಹರಣೆ ಇದೆ. ಒಬ್ಬ ಇನ್ನೊಬ್ಬನ ಕಾಡಿಗೆ ನುಗ್ಗಿ ಜಿಂಕೆ ಕದಿಯಲು ಬಾಣ ಬಿಡುತ್ತಾನೆ. ಬಾಣ ಗುರಿ ತಪ್ಪಿ ಪೊದೆಯಲ್ಲಿ ಅಡಗಿದ್ದ ಹುಡುಗನಿಗೆ ತಗಲುತ್ತದೆ. ಹುಡುಗ ಅಲ್ಲಿದ್ದಾನೆ ಅಂತಲೇ ಇವನಿಗೆ ಗೊತ್ತಿರಲಿಲ್ಲ. ಆದರೂ ಅದು ಕೊಲೆ, ಯಾಕೆಂದರೆ ಮಾಡಲು ಹೊರಟ ಕೆಲಸವೇ ಕಾನೂನಿಗೆ ವಿರುದ್ಧ ಎಂದು ಕೋಕ್ ಬರೆದರು.

ಮುಂದೆ ಇದೇ ಯೋಚನೆ 'ಫೆಲನಿ ಮರ್ಡರ್' ಎಂಬ ನಿಯಮವಾಯಿತು. ದರೋಡೆ, ಮನೆಗಳ್ಳತನದಂಥ ದೊಡ್ಡ ಅಪರಾಧ ನಡೆಯುವಾಗ ಯಾರಾದರೂ ಸತ್ತರೆ ಅದು ಕೊಲೆ. ಕೊಲ್ಲುವ ಉದ್ದೇಶ ಇತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಆ ಅಪರಾಧದಲ್ಲಿ ಪಾಲುಗೊಂಡ ಎಲ್ಲರೂ ಕೊಲೆಗಾರರು. ಒಂದು ವಿಷಯ ಮರೆಯಬಾರದು. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ದೊಡ್ಡ ಅಪರಾಧಗಳಿಗೆಲ್ಲ ಹೇಗೂ ಗಲ್ಲೇ ಶಿಕ್ಷೆಯಾಗಿತ್ತು. ದರೋಡೆಗೂ ಗಲ್ಲು, ಕೊಲೆಗೂ ಗಲ್ಲು ಅಂದಮೇಲೆ ಈ ನಿಯಮದಿಂದ ಜಾಸ್ತಿ ಏನೂ ಬದಲಾಗುತ್ತಿರಲಿಲ್ಲ. ಆಮೇಲೆ ದರೋಡೆಯ ಶಿಕ್ಷೆ ಇಳಿಯಿತು, ನಿಯಮ ಮಾತ್ರ ಹಾಗೇ ಉಳಿಯಿತು. ದರೋಡೆಗೆ ಸಿಗುವ ಕೆಲವು ವರ್ಷಕ್ಕೂ ಕೊಲೆಗೆ ಸಿಗುವ ಇಡೀ ಜೀವಮಾನಕ್ಕೂ ನಡುವಿನ ಅಂತರ ದೊಡ್ಡದಾಗಿದ್ದು ಹೀಗೆ.

ಇಂಗ್ಲೆಂಡ್ 1957ರಲ್ಲಿ ಈ ನಿಯಮವನ್ನು ಕಿತ್ತುಹಾಕಿತು. ಆದರೆ ಅದಕ್ಕೆ ಮೊದಲು ಡೆರೆಕ್ ಬೆಂಟ್ಲಿ ಪ್ರಕರಣ ನಡೆದುಹೋಗಿತ್ತು.

1952ರ ನವೆಂಬರ್ 2ರ ರಾತ್ರಿ, ಲಂಡನ್ ಹತ್ತಿರದ ಕ್ರಾಯ್ಡನ್‌ನಲ್ಲಿ ಇಬ್ಬರು ಕಳ್ಳತನಕ್ಕೆಂದು ಒಂದು ಗೋದಾಮಿನ ಮೇಲೆ ಹತ್ತಿದರು. ಬೆಂಟ್ಲಿಗೆ 19 ವರ್ಷ. ಅವನ ಜೊತೆಗಿದ್ದ ಕ್ರಿಸ್ಟೋಫರ್ ಕ್ರೇಗ್‌ಗೆ 16. ಬಂದೂಕು ಇದ್ದದ್ದು ಕ್ರೇಗ್ ಕೈಯಲ್ಲಿ. ಪೊಲೀಸರು ಬಂದರು. ಬೆಂಟ್ಲಿ ಬೇಗನೆ ಅವರ ಕೈಗೆ ಸಿಕ್ಕಿಬಿದ್ದ. ಅದಾಗಿ ಸುಮಾರು ಕಾಲು ಗಂಟೆಯ ಮೇಲೆ ಕ್ರೇಗ್ ಹಾರಿಸಿದ ಗುಂಡಿಗೆ ಸಿಡ್ನಿ ಮೈಲ್ಸ್ ಎಂಬ ಪೊಲೀಸ್ ಪೇದೆ ಬಲಿಯಾದರು. ಗುಂಡು ಹಾರಿಸಿದವನಿಗೆ 18 ತುಂಬಿರಲಿಲ್ಲ, ಹಾಗಾಗಿ ಅವನನ್ನು ಗಲ್ಲಿಗೇರಿಸುವಂತಿರಲಿಲ್ಲ. ಬೆಂಟ್ಲಿಯ ಬುದ್ಧಿಮಟ್ಟ ಸುಮಾರು 11 ವರ್ಷದ ಮಗುವಿನದ್ದು. ಅವನಿಗೆ ದಯೆ ತೋರಿಸಿ ಎಂದು ಜ್ಯೂರಿ ಕೇಳಿಕೊಂಡಿತ್ತು, ಸುಮಾರು 200 ಸಂಸದರು ಬೇಡಿಕೊಂಡಿದ್ದರು. 1953ರ ಜನವರಿ 28ರಂದು ಅವನನ್ನು ಗಲ್ಲಿಗೇರಿಸಲಾಯಿತು. ಕ್ರೇಗ್ ಹತ್ತು ವರ್ಷ ಒಳಗಿದ್ದು ಬಿಡುಗಡೆಯಾದ.

ಬೆಂಟ್ಲಿಗೆ ಸಿಕ್ಕ ತೀರ್ಪು ತಪ್ಪು ಎಂದು ಮೇಲ್ಮನವಿ ಕೋರ್ಟು ಹೇಳಿದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಅವನಿಗಾಗಿ ಹೋರಾಡಿದ ತಂದೆ, ತಾಯಿ, ಅಕ್ಕ ಯಾರೂ ಬದುಕಿರಲಿಲ್ಲ.

'ಗೊತ್ತಿತ್ತು ಅಲ್ವಾ?'

ಹಳೆಯ ನಿಯಮ ಹೋಯಿತಾದರೂ ಇಂಗ್ಲೆಂಡಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಹಾಂಗ್‌ಕಾಂಗ್‌ನಿಂದ ಬಂದ ಚಾನ್ ವಿಂಗ್-ಸಿಯು ಪ್ರಕರಣದಲ್ಲಿ 1984ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷ್ ವಸಾಹತುಗಳ ಮೇಲ್ಮನವಿ ಕೇಳುವ ಲಂಡನ್ನಿನ ಕೋರ್ಟು, ಒಂದು ತೀರ್ಪು ಕೊಟ್ಟಿತು. ಒಂದು ಅಪರಾಧಕ್ಕೆ ಕೂಡಿ ಹೊರಟವರಲ್ಲಿ ಒಬ್ಬ ಕೊಲೆ ಮಾಡಬಹುದು ಅಂತ ಇನ್ನೊಬ್ಬನಿಗೆ ಅನ್ನಿಸಿದ್ದರೂ ಅವನು ಮುಂದುವರಿದಿದ್ದರೆ ಸಾಕು, ಅವನೂ ಕೊಲೆಗಾರ. ಕೊಲೆಗೆ ನೆರವಾಗುವ ಉದ್ದೇಶ ಅವನಿಗಿತ್ತು ಎಂದು ತೋರಿಸಬೇಕಾಗಿಲ್ಲ. ಇದನ್ನೇ ಜನ 'ಜಾಯಿಂಟ್ ಎಂಟರ್‌ಪ್ರೈಸ್' ಕೇಸು ಎನ್ನುತ್ತಾರೆ. 1997ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಈ ನಿಯಮಕ್ಕೆ ಮುದ್ರೆ ಒತ್ತಿತು. ಆಗ ಅದರ ಮುಂದಿದ್ದ ಆರೋಪಿಗಳಲ್ಲಿ ಒಬ್ಬ ಘಟನೆಯ ವೇಳೆ 15ರ ಹುಡುಗ. ಮರದ ಕೋಲು ಹಿಡಿದು ಪೊಲೀಸ್ ಅಧಿಕಾರಿಯ ಮೇಲೆ ಹಲ್ಲೆ ಮಾಡಿದ್ದ. ಜೊತೆಗಾರ ಚಾಕು ತೆಗೆದು ಇರಿದಿದ್ದ. ಚಾಕು ಇದ್ದದ್ದು ಹುಡುಗನಿಗೆ ಗೊತ್ತಿರಲಿಲ್ಲ ಎಂಬ ಸಾಧ್ಯತೆ ಇದ್ದದ್ದರಿಂದ ಅವನು ಕೊಲೆ ಆರೋಪದಿಂದ ಪಾರಾದ.

ಪ್ರಶ್ನೆ 'ನೀನು ಏನು ಮಾಡಿದೆ' ಅನ್ನುವುದರಿಂದ 'ನಿನಗೆ ಏನು ಗೊತ್ತಿತ್ತು' ಅನ್ನುವುದಕ್ಕೆ ಜಾರಿತು. ಚಾಕು ಇತ್ತು ಅಂತ ಗೊತ್ತಿತ್ತು ಅಲ್ವಾ? ಅವನು ಕೋಪಿಷ್ಠ ಅಂತ ಗೊತ್ತಿತ್ತು ಅಲ್ವಾ? ಆದರೂ ಹೋದೆ ಅಲ್ವಾ? ಹದಿಹರೆಯದ ಹುಡುಗನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಒಂದೇ ಗುಂಪಿನಲ್ಲಿ ತಿರುಗಾಡಿದ್ದು, ಒಂದು ಫೋನ್ ಕರೆ, ಒಂದು ಫೋಟೊ, ಎಲ್ಲವೂ 'ಗೊತ್ತಿತ್ತು' ಎನ್ನಲು ಸಾಕ್ಷಿಯಾಗಬಲ್ಲವು. ಕಪ್ಪು ಜನಾಂಗದ ಹುಡುಗರು ಇಂಥ ಕೇಸುಗಳಲ್ಲಿ ಅವರ ಜನಸಂಖ್ಯೆಯ ಪಾಲಿಗಿಂತ ತುಂಬಾ ಜಾಸ್ತಿ ಸಿಕ್ಕಿಬೀಳುತ್ತಾರೆ. ಅದಕ್ಕೆ ಈ ಬಗೆಯ ಸಾಕ್ಷಿಯೂ ಒಂದು ಕಾರಣ ಎಂದು ಹೋರಾಟಗಾರರು ಹೇಳುತ್ತಾ ಬಂದಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತದೆ.

2016ರ ಫೆಬ್ರವರಿ 18ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಜೋಗಿ ಎಂಬವನ ಪ್ರಕರಣದಲ್ಲಿ, 1984ರಿಂದ ಕಾನೂನು ದಾರಿ ತಪ್ಪಿತ್ತು ಎಂದು ಒಪ್ಪಿಕೊಂಡಿತು. ಮುಂದಾಗುವುದನ್ನು ಊಹಿಸಿದ್ದು ಉದ್ದೇಶಕ್ಕೆ ಸಾಕ್ಷಿಯಾಗಬಹುದು, ಅದೇ ಉದ್ದೇಶವಾಗುವುದಿಲ್ಲ ಎಂದಿತು. ಇಷ್ಟಾದ ಮೇಲೆ ಹಳೆಯ ಕೈದಿಗಳೆಲ್ಲ ಹೊರಗೆ ಬರುತ್ತಾರೆ ಅಂದುಕೊಂಡವರು ಬಹಳ. ಹಾಗಾಗಲಿಲ್ಲ. ಮೇಲ್ಮನವಿಯ ಗಡುವು ಮುಗಿದವರು ತಮಗೆ 'ಗಣನೀಯ ಅನ್ಯಾಯ' ಆಗಿದೆ ಎಂದು ತೋರಿಸಬೇಕು ಎಂಬ ಷರತ್ತು ಬಂತು. ಅದನ್ನು ದಾಟಿದವರು ಬೆರಳೆಣಿಕೆಯಷ್ಟು. ಕಾನೂನೇ ತಪ್ಪಿತ್ತು ಎಂದು ಒಪ್ಪಿದ ಮೇಲೆ, ಆ ತಪ್ಪು ಕಾನೂನಿನಡಿ ಒಳಗಿರುವವರಿಗೆ ಇನ್ನಷ್ಟು ಸಾಬೀತು ಮಾಡಿ ಅನ್ನುವುದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ. ಆಸ್ಟ್ರೇಲಿಯಾದ ಹೈಕೋರ್ಟಂತೂ (ಅಲ್ಲಿ ಅದೇ ಅತ್ಯುನ್ನತ ಕೋರ್ಟು) ಅದೇ ವರ್ಷ ಈ ತಿದ್ದುಪಡಿ ತನಗೆ ಬೇಡ ಎಂದುಬಿಟ್ಟಿತು.

ಅಮೆರಿಕದ ದಾರಿ

ಇಂಗ್ಲೆಂಡ್ ಕೈಬಿಟ್ಟ ಫೆಲನಿ ಮರ್ಡರ್ ನಿಯಮವನ್ನು ಅಮೆರಿಕದ ಹೆಚ್ಚಿನ ರಾಜ್ಯಗಳು ಬಿಗಿಯಾಗಿ ಹಿಡಿದುಕೊಂಡವು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕೊಲ್ಲದ, ಕೊಲ್ಲಲು ಬಯಸದ ಸಹಾಪರಾಧಿಗೆ ಮರಣದಂಡನೆ ಕೊಡಬಾರದು ಎಂದಿತು. ಐದೇ ವರ್ಷದಲ್ಲಿ, ಅಂದರೆ 1987ರಲ್ಲಿ, ಆ ಮಾತು ಸಡಿಲವಾಯಿತು. ಅಪರಾಧದಲ್ಲಿ ದೊಡ್ಡ ಪಾಲಿದ್ದು, ಜೀವದ ಬಗ್ಗೆ ತೀರಾ ಬೇಜವಾಬ್ದಾರಿ ತೋರಿದ್ದರೆ ಮರಣದಂಡನೆ ಕೊಡಬಹುದು ಎಂದಾಯಿತು.

ಪಕ್ಕದ ಕೆನಡಾ ಬೇರೆ ಕಡೆಗೆ ತಿರುಗಿತು. ಅಲ್ಲಿನ ಸುಪ್ರೀಂ ಕೋರ್ಟು 1990ರಲ್ಲಿ ಮಾರ್ಟಿನೋ ಎಂಬವನ ಕೇಸನ್ನು ನೋಡಿತು. ಘಟನೆಯ ವೇಳೆ ಅವನಿಗೆ 15. ಬರೀ ಕಳ್ಳತನ ಅಂದುಕೊಂಡು ಜೊತೆಗಾರನ ಹಿಂದೆ ಹೋಗಿದ್ದ. ಜೊತೆಗಾರ ಮನೆಯ ದಂಪತಿಯನ್ನು ಗುಂಡಿಟ್ಟು ಕೊಂದ. ಸಾವು ಆಗುತ್ತದೆ ಎಂದು ತಾನೇ ಮುಂಗಾಣದ ಯಾರನ್ನೂ ಕೊಲೆಗಾರ ಎನ್ನುವಂತಿಲ್ಲ, ಆ ಹೆಸರಿನ ಕಳಂಕ ಅಷ್ಟು ದೊಡ್ಡದು ಎಂದು ಕೋರ್ಟು ಹೇಳಿ ಅಲ್ಲಿನ ಫೆಲನಿ ಮರ್ಡರ್ ಕಲಮನ್ನೇ ರದ್ದು ಮಾಡಿತು.

ಅಮೆರಿಕದಲ್ಲಿ ಆಗ ಭಯದ ಕಾಲ. 1990ರ ದಶಕದ ನಡುವಿನಲ್ಲಿ ಜಾನ್ ಡಿಯುಲಿಯೊ ಎಂಬ ಪ್ರೊಫೆಸರ್ 'ಸೂಪರ್ ಪ್ರಿಡೇಟರ್' ಎಂಬ ಪದ ಹರಿಬಿಟ್ಟರು. ಕರುಣೆಯೇ ಇಲ್ಲದ ಹುಡುಗರ ಅಲೆಯೊಂದು ಬರುತ್ತಿದೆ ಎಂದರು. 1992ರಿಂದ 1997ರ ನಡುವೆ ಬಹುತೇಕ ಎಲ್ಲ ರಾಜ್ಯಗಳೂ ಮಕ್ಕಳ ಮೇಲಿನ ಕಾನೂನನ್ನು ಬಿಗಿ ಮಾಡಿದವು. ಮಕ್ಕಳನ್ನು ದೊಡ್ಡವರ ಕೋರ್ಟಿಗೆ ಕಳಿಸುವುದು ಸುಲಭವಾಯಿತು. ಆ ಅಲೆ ಬರಲೇ ಇಲ್ಲ, ಹುಡುಗರ ಅಪರಾಧ ಇಳಿಯಿತು. ಡಿಯುಲಿಯೊ ಅವರೇ ಮುಂದೆ ತಮ್ಮ ಮಾತು ತಪ್ಪಾಯಿತು ಎಂದು ಒಪ್ಪಿ, ಮಕ್ಕಳ ಪರವಾಗಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಮನವಿಗೆ ಸಹಿ ಹಾಕಿದರು. ಆದರೆ ಕಾನೂನು ಆಗಲೇ ಜಾರಿಯಲ್ಲಿತ್ತು, ಹುಡುಗರು ಆಗಲೇ ಒಳಗಿದ್ದರು. 2005ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಮತ್ತು ಆಮ್ನೆಸ್ಟಿ ಎಂಬ ಮಾನವ ಹಕ್ಕು ಸಂಸ್ಥೆಗಳು ಲೆಕ್ಕ ಹಾಕಿದಾಗ 18 ತುಂಬುವ ಮೊದಲಿನ ಅಪರಾಧಕ್ಕೆ ಪೆರೋಲ್ ಇಲ್ಲದ ಜೀವಾವಧಿ ಅನುಭವಿಸುತ್ತಿದ್ದವರು 2,225 ಮಂದಿ. ಅವರಲ್ಲಿ ಸುಮಾರು ಶೇ 26ರಷ್ಟು ಮಂದಿಗೆ ಶಿಕ್ಷೆಯಾದದ್ದು ಫೆಲನಿ ಮರ್ಡರ್ ನಿಯಮದಡಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಪ್ಪಂದ ಇಂಥ ಶಿಕ್ಷೆಯನ್ನು ಸ್ಪಷ್ಟವಾಗಿ ಬೇಡ ಎನ್ನುತ್ತದೆ. ಅಮೆರಿಕ ಅದನ್ನು ಇವತ್ತಿಗೂ ಅಂಗೀಕರಿಸಿಲ್ಲ.

ಈ ನಿಯಮ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಊರಿನ ಪ್ರಕರಣ ನೋಡಿ. 2012ರಲ್ಲಿ ಕೆಲವು ಹುಡುಗರು ಖಾಲಿ ಇದೆ ಅಂದುಕೊಂಡು ಒಂದು ಮನೆಗೆ ಕಳ್ಳತನಕ್ಕೆ ನುಗ್ಗಿದರು. ಅವರ ಬಳಿ ಬಂದೂಕು ಇರಲಿಲ್ಲ. ಮನೆಯ ಯಜಮಾನ ಹಾರಿಸಿದ ಗುಂಡಿಗೆ ಅವರದೇ ಗುಂಪಿನ 21ರ ಯುವಕ ಸತ್ತ. ಗೆಳೆಯನ ಆ ಸಾವಿಗೆ ಉಳಿದವರನ್ನೇ ಕೊಲೆಗಾರರು ಎಂದು ತೀರ್ಮಾನಿಸಲಾಯಿತು. 16, 17, 18 ವಯಸ್ಸಿನ ಹುಡುಗರು. ವಿಚಾರಣೆ ಎದುರಿಸಿದವರಿಗೆ 50, 55 ವರ್ಷ ಜೈಲು. ರಾಜ್ಯದ ಸುಪ್ರೀಂ ಕೋರ್ಟು 2015ರಲ್ಲಿ ಆ ಕೊಲೆ ತೀರ್ಪನ್ನು ತೆಗೆದು, ಮನೆಗಳ್ಳತನದ ಅಪರಾಧವನ್ನಷ್ಟೇ ಉಳಿಸಿತು.

ಅಷ್ಟರಲ್ಲಿ ವಿಜ್ಞಾನವೂ ಕೋರ್ಟಿನೊಳಗೆ ಬಂದಿತ್ತು. 2005ರಲ್ಲಿ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಹದಿಹರೆಯದವರಿಗೂ ದೊಡ್ಡವರಿಗೂ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಎದುರು ಆಡಿದರು. ದೊಡ್ಡವರ ಆಟ ಗೆಳೆಯರಿದ್ದಾರೆ ಅಂತ ಬದಲಾಗಲಿಲ್ಲ. ಹದಿಹರೆಯದವರು ಮಾತ್ರ ಗೆಳೆಯರು ನೋಡುತ್ತಿದ್ದಾಗ ಬಹಳ ಜಾಸ್ತಿ ಅಪಾಯಕ್ಕೆ ಕೈಹಾಕಿದರು. ಹದಿಹರೆಯದವರು ಅಪರಾಧಕ್ಕೆ ಇಳಿಯುವುದು ಹೆಚ್ಚಾಗಿ ಗುಂಪಿನಲ್ಲೇ. ಅಂದರೆ ಯಾವ ಹೊತ್ತಿನಲ್ಲಿ ಅವರ ವಿವೇಕ ತೀರಾ ಕಡಿಮೆಯೋ, ಅದೇ ಹೊತ್ತಿನಲ್ಲಿ 'ನೀನು ಮುಂದಾಗುವುದನ್ನು ಊಹಿಸಬೇಕಿತ್ತು' ಎಂದು ಈ ಕಾನೂನು ಕೇಳುತ್ತದೆ. ಈ ಇಡೀ ವಿಚಾರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಅಮೆರಿಕದ ಸುಪ್ರೀಂ ಕೋರ್ಟು 2005ರ ಮಾರ್ಚ್ 1ರಂದು 18ರೊಳಗಿನವರಿಗೆ ಮರಣದಂಡನೆಯನ್ನೇ ನಿಲ್ಲಿಸಿತು. 2012ರ ಜೂನ್ 25ರಂದು ಜಾಕ್ಸನ್ ಮತ್ತು ಮಿಲ್ಲರ್ ಎಂಬ ಇನ್ನೊಬ್ಬ ಹುಡುಗನ ಕೇಸುಗಳಲ್ಲಿ ಒಟ್ಟಿಗೆ ತೀರ್ಪು ಬಂತು. 18ರೊಳಗಿನವರಿಗೆ ಪೆರೋಲ್ ಇಲ್ಲದ ಜೀವಾವಧಿಯನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೋರ್ಟು 5-4ರ ಬಹುಮತದಿಂದ ಹೇಳಿತು. ವಯಸ್ಸು, ಮನೆಯ ಸ್ಥಿತಿ, ಅಪರಾಧದಲ್ಲಿ ಅವನ ಪಾಲು ಎಷ್ಟು, ಗೆಳೆಯರ ಒತ್ತಡ ಎಷ್ಟು, ಇವನ್ನೆಲ್ಲ ನೋಡಲೇಬೇಕು ಎಂದು ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದರು. ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊಲ್ಲದ, ಕೊಲ್ಲಲು ಬಯಸದ ಮಗುವಿಗೆ ಈ ಶಿಕ್ಷೆ ಕೊಡಲೇಬಾರದು ಎಂದರು. ಮುಂದಿನ ಪರಿಣಾಮವನ್ನು ಪೂರ್ತಿ ಯೋಚಿಸಿ ಅದಕ್ಕೆ ತಕ್ಕಂತೆ ನಡೆಯುವ ಶಕ್ತಿಯೇ ಮಕ್ಕಳಲ್ಲಿ ಬೆಳೆದಿರುವುದಿಲ್ಲ ಎಂಬುದು ಅವರ ಕಾರಣ. ಬಹುಮತ ಅಷ್ಟು ದೂರ ಹೋಗಲಿಲ್ಲ. ಹೋಗಬೇಕಿತ್ತು.

2016ರಲ್ಲಿ ಈ ತೀರ್ಪು ಹಳೆಯ ಕೈದಿಗಳಿಗೂ ಅನ್ವಯ ಎಂದಾಯಿತು. ಜಾಕ್ಸನ್ 2017ರಲ್ಲಿ ಹೊರಬಂದ. ಅವನಂತೆ ಒಂದು ಸಾವಿರಕ್ಕೂ ಹೆಚ್ಚು ಮಂದಿ ಬಿಡುಗಡೆಯಾಗಿದ್ದಾರೆ. ಫಿಲಡೆಲ್ಫಿಯಾದಲ್ಲಿ ಹೀಗೆ ಹೊರಬಂದ 174 ಮಂದಿಯ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮತ್ತೆ ಅಪರಾಧ ಸಾಬೀತಾದವರು ಇಬ್ಬರೇ.

ಸತ್ತವರ ಮನೆಯವರ ಮಾತನ್ನೂ ಕೇಳಬೇಕು. ಐದು ಜನ ಒಬ್ಬನನ್ನು ಸುತ್ತುವರಿದು ಹೊಡೆದರೆ ಕೊನೆಯ ಏಟು ಯಾರದು ಎಂದು ಹೇಗೆ ಗೊತ್ತಾಗಬೇಕು? ಎಲ್ಲರೂ 'ನಾನಲ್ಲ' ಅಂದರೆ ಯಾರಿಗೂ ಶಿಕ್ಷೆ ಇಲ್ಲವೇ? ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ, ಇದಕ್ಕೆ ಉತ್ತರವಾಗಿಯೇ ಕೂಡುಹೊಣೆಯ ಕಾನೂನು ಬೆಳೆದದ್ದು. ಕೂಡಿ ಕೊಲ್ಲಲು ಹೊರಟವರೆಲ್ಲ ಕೊಲೆಗಾರರು, ಅದರಲ್ಲಿ ತಕರಾರಿಲ್ಲ. ಆದರೆ ಹೊರಗೆ ನಿಂತವನು, ಕಾರಿನಲ್ಲಿ ಕೂತವನು, ಆಗಲೇ ಪೊಲೀಸರಿಗೆ ಸಿಕ್ಕಿಬಿದ್ದವನು ಆ ಸಾಲಿಗೆ ಸೇರುವುದಿಲ್ಲ. ದರೋಡೆಗೆ ಹೋದವನಿಗೆ ದರೋಡೆಯ ಶಿಕ್ಷೆ ಇದೆ. ಅವನು ಮಾಡಿದ್ದಕ್ಕೆ ಅದೇ ತಕ್ಕದ್ದು.

ಕಾನೂನು ನಿಧಾನಕ್ಕೆ ಬದಲಾಗುತ್ತಿದೆ. ಹವಾಯಿ, ಕೆಂಟಕಿ ರಾಜ್ಯಗಳು ಫೆಲನಿ ಮರ್ಡರ್ ನಿಯಮವನ್ನು ಹಿಂದೆಯೇ ಬಿಟ್ಟಿದ್ದವು. 2019ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ ಅದನ್ನು ಕಿರಿದು ಮಾಡಿ, ಹಳೆಯ ಕೈದಿಗಳಿಗೂ ಮರುಅರ್ಜಿಗೆ ಅವಕಾಶ ಕೊಟ್ಟಿತು. 2021ರಲ್ಲಿ ಕೊಲೊರಾಡೊ ಈ ಅಪರಾಧಕ್ಕಿದ್ದ ಪೆರೋಲ್ ಇಲ್ಲದ ಜೀವಾವಧಿಯನ್ನು ತೆಗೆಯಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಮಾತ್ರ ಹಿಂದೆ ಸರಿಯಿತು. ಹುಡುಗ ತಿದ್ದಲಾರದವನು ಎಂದು ಜಡ್ಜ್ ಪ್ರತ್ಯೇಕವಾಗಿ ತೀರ್ಮಾನಿಸದೆಯೂ ಪೆರೋಲ್ ಇಲ್ಲದ ಜೀವಾವಧಿ ಕೊಡಬಹುದು ಎಂದಿತು. ಜೀವಾವಧಿಯ ಹೆಸರಿಲ್ಲದೆ 50, 60 ವರ್ಷ ಕೊಡುವ ತೀರ್ಪುಗಳೂ ನಿಂತಿಲ್ಲ. 2024ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ಕೋರ್ಟು 18ರಿಂದ 20 ವರ್ಷದವರಿಗೂ ಪೆರೋಲ್ ಇಲ್ಲದ ಜೀವಾವಧಿ ಸಲ್ಲದು ಎಂದು ತೀರ್ಪು ಕೊಟ್ಟಿತು. ಇದರಿಂದ ಪೆರೋಲ್ ಕೇಳುವ ಹಕ್ಕಷ್ಟೇ ಸಿಕ್ಕಿದೆ. ಬಿಡುವುದೋ ಬೇಡವೋ ಎಂದು ಒಬ್ಬೊಬ್ಬರದ್ದನ್ನೂ ನೋಡಿ ತೀರ್ಮಾನಿಸುವುದು ಪೆರೋಲ್ ಮಂಡಳಿ.