ಗಲಡ್ರಿಯೆಲ್: ಈ ಹೆಸರಿನಲ್ಲಿ ಮರ ಇಲ್ಲ

‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್, ತನ್ನ ಕಥೆಗಳ ಎಲ್ಫ್ ಎಂಬ ಜನಾಂಗಕ್ಕಾಗಿ ಕಟ್ಟಿದ ಭಾಷೆಗಳಲ್ಲಿ ಸಿಂಡರಿನ್ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕ್ವೆನ್ಯಾ ಅದೇ ಮೂಲದ ಇನ್ನೊಂದು ಭಾಷೆ.

ಗಲಡ್ರಿಯೆಲ್ ಆ ಕಥೆಗಳಲ್ಲಿ ಬರುವ ಎಲ್ಫ್ ಒಡತಿ. ಆಕೆಯ ಹೆಸರನ್ನು ಒಡೆದರೆ ಗಲಡ್ + ರಿಯೆಲ್. ಗಲಡ್ ಅಂದರೆ ಪ್ರಭೆ. ಗಿಲ್-ಗಲಡ್ ಎಂಬ ರಾಜನ ಹೆಸರಲ್ಲೂ ಇದೇ ಪದ. ಗಿಲ್ ಅಂದರೆ ನಕ್ಷತ್ರ.

ಎಡವುವುದು ಇಲ್ಲೇ. ಮರಕ್ಕೂ ಹೆಚ್ಚುಕಡಿಮೆ ಇದೇ ಪದ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೊನೆಯ ಡಿ ಜೊತೆ ಒಂದು ಎಚ್ ಜಾಸ್ತಿ, ಅಷ್ಟೇ. ಆ ಎಚ್ ಕಂಡ ಕೂಡಲೇ ನಾವು ಮಹಾಪ್ರಾಣ ಧ ಎಂದು ಓದಿಬಿಡುತ್ತೇವೆ. ಅದು ಧ ಅಲ್ಲ. ಇಂಗ್ಲಿಷಿನ ‘ದಿಸ್’, ‘ದೆನ್’ ಪದಗಳ ಮೊದಲ ಸದ್ದು. ನಾಲಿಗೆಯ ತುದಿ ಹಲ್ಲಿಗೆ ತಾಗಿಯೂ ತಾಗದಂತಿರಬೇಕು, ಗಾಳಿ ನಿಲ್ಲದೆ ಹೊರಗೆ ಬರಬೇಕು. ಇನ್ನು ಎಚ್ ಇಲ್ಲದ ಡಿ ಹೇಗೆ? ಕಾರವಾರದ ಸದಾಶಿವಗಡವನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ‘ದಾ’ಕ್ಕೂ ಡಿ, ‘ಡ’ಕ್ಕೂ ಡಿ. ಊರು ಗೊತ್ತಿರುವುದರಿಂದ ನಾವು ಸರಿಯಾಗಿ ಓದುತ್ತೇವೆ. ಸಿಂಡರಿನ್‌ನಲ್ಲಿ ಆ ಅನುಕೂಲ ಇಲ್ಲ. ಅದಕ್ಕೇ ನನ್ನ ನೋಟ್ಸಿನಲ್ಲಿ ಪ್ರಭೆಗೆ ಗಲಡ್, ಮರಕ್ಕೆ ಗಲದ್ ಎಂದು ಬರೆಯುತ್ತೇನೆ. ಆ ದ ಪೂರ್ತಿ ಸರಿಯಾದ ಸದ್ದಲ್ಲ, ಆದರೆ ಎರಡು ಪದ ಬೆರೆತುಹೋಗುವುದಿಲ್ಲ.

ಆಗಲೂ ಅನುಮಾನ ಬಂದರೆ ಕ್ವೆನ್ಯಾ ರೂಪ ನೋಡಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇದು. ಸ್ವರದ ನಂತರ ಕ್ವೆನ್ಯಾದಲ್ಲಿ ಟ ಇದ್ದರೆ ಸಿಂಡರಿನ್‌ನಲ್ಲಿ ಡ ಇರುತ್ತದೆ. ಮನುಷ್ಯನಿಗೆ ಅಲ್ಲಿ ಅಟನ್, ಇಲ್ಲಿ ಅಡನ್. ಪ್ರಭೆಗೆ ಅಲ್ಲಿ ಅಲಟ, ಇಲ್ಲಿ ಗಲಡ್. ಮರಕ್ಕೋ ಅಲ್ಲಿ ಅಲ್ಡ. ಮೂಲದಲ್ಲೇ ಡ ಇತ್ತು, ಅದು ಇಲ್ಲಿ ಮೆತ್ತಗಾಗಿ ಗಲದ್ ಆಯಿತು. ಈಗ ಗಲಡ್ರಿಯೆಲ್‌ಗೆ ಬನ್ನಿ. ಕ್ವೆನ್ಯಾದಲ್ಲಿ ಆಕೆ ಅಲಟಾರಿಯೆಲ್. ಟ ಇದೆ ಅಲ್ವಾ? ಹಾಗಾದರೆ ಪ್ರಭೆಯೇ, ಮರ ಅಲ್ಲ.

ರಿಯೆಲ್ ಸುಲಭ. ಹೆಣೆ, ಸುತ್ತು ಎಂಬ ಅರ್ಥದ ‘ರಿಗ್’ ಧಾತುವಿನಿಂದ ಬಂದದ್ದು, ಮಾಲೆ ತೊಟ್ಟ ಹುಡುಗಿ ಎಂದರ್ಥ. ಭಟ್ಕಳ ಮಲ್ಲಿಗೆಯ ದಂಡೆ ಮುಡಿದವಳನ್ನು ನೆನೆಸಿಕೊಂಡರೆ ಪದ ಮರೆಯುವುದಿಲ್ಲ. ಆದರೆ ಇಲ್ಲಿ ಹೂವಿಲ್ಲ. ಹೊಳೆಯುವ ಮಾಲೆ ಎಂದರೆ ಆಕೆಯ ಹೊನ್ನಿನ ಕೂದಲೇ.

ಕಥೆಯೊಳಗಿನ ಜನರೂ ಇದನ್ನು ಮರವೆಂದೇ ತಿಳಿದು ಹೆಸರನ್ನು ಗಲದ್ರಿಯೆಲ್ ಮಾಡುತ್ತಿದ್ದರಂತೆ. ಟೋಲ್ಕಿನ್ ಬರೆದ ‘ಸಿಲ್ಮರಿಲಿಯನ್’ (1977) ಪುಸ್ತಕದ ಅನುಬಂಧದಲ್ಲಿ ಈ ಮಾತಿದೆ. ಯಾಕೆ ಹಾಗಾಯಿತು ಎಂದು ಊಹಿಸುವುದು ಕಷ್ಟವಲ್ಲ. ಆಕೆ ಇದ್ದದ್ದು ಲೋತ್‌ಲೋರಿಯೆನ್‌ನ ಹೆಮ್ಮರಗಳ ನಡುವೆ. ಅಲ್ಲಿನವರ ಹೆಸರೇ ಗಲದ್ರಿಮ್, ಅಂದರೆ ಮರದ ಜನ. ಅವರ ಪಟ್ಟಣ ಕರಸ್ ಗಲದೊನ್‌ನಲ್ಲಿರುವುದೂ ಮರವೇ. ಈ ಎರಡಕ್ಕೂ ದ ಹಾಕಿ, ಆಕೆಯ ಹೆಸರಿಗೆ ಮಾತ್ರ ಡ.